ಕಡಲ ತಳದ ಕೆಸರು ವಿಕಿರಣಶೀಲ ತ್ಯಾಜ್ಯಕ್ಕೆ ಗೋಡೆಯೋ, ಉಗ್ರಾಣವೋ?

ಪ್ರಶ್ನೆ: ಚೆಂಬೂರು, ಮುಂಬಯಿ

ನಮಸ್ಕಾರ. ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಚೆಂಬೂರಿನ ನಮ್ಮ ಕನ್ನಡ ಬಳಗದಲ್ಲಿ ತಿಂಗಳಿಗೊಮ್ಮೆ ಒಬ್ಬರು ಒಂದು ವಿಷಯವನ್ನು ಹಿಡಿದು ಮುಕ್ಕಾಲು ಗಂಟೆ ಮಾತನಾಡುವ ರೂಢಿಯಿದೆ. ಮುಂದಿನ ಸರದಿ ನನ್ನದು. ಅಣುತ್ಯಾಜ್ಯವನ್ನು ಸಾಗರತಳದ ಗಸಿ ಎಷ್ಟರಮಟ್ಟಿಗೆ ತಡೆದು ಹಿಡಿಯಬಲ್ಲದು ಎಂಬ ವಿಷಯವನ್ನು ಆರಿಸಿಕೊಂಡು ಈಗ ಪೇಚಿಗೆ ಸಿಕ್ಕಿಕೊಂಡಿದ್ದೇನೆ.

ಪೇಚು ಇಷ್ಟೇ. 1970 ಮತ್ತು 80ರ ದಶಕಗಳಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳ ವಿಜ್ಞಾನಿಗಳು ಕೂಡಿ, ಅತಿ ತೀವ್ರ ವಿಕಿರಣದ ತ್ಯಾಜ್ಯವನ್ನು ಆಳ ಸಾಗರದ ಜೇಡಿಯಲ್ಲಿ ಹುಗಿದರೆ ಅದು ಲಕ್ಷಾಂತರ ವರ್ಷ ಅಲ್ಲೇ ಉಳಿಯುತ್ತದೆಯೇ ಎಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಪರಿಶೀಲಿಸಿದರೆಂದೂ, ಅವರಿಗೆ ಸಿಕ್ಕ ಉತ್ತರ ಬಹುಮಟ್ಟಿಗೆ ಅನುಕೂಲವಾಗಿಯೇ ಇತ್ತೆಂದೂ ಓದಿದೆ. ಮರುದಿನವೇ ಇನ್ನೊಂದು ಕಡೆ, ಬ್ರಿಟನ್ನಿನ ಸೆಲ್ಲಾಫೀಲ್ಡ್ ಅಣುಸ್ಥಾವರ ದಶಕಗಳ ಹಿಂದೆ ಐರಿಷ್ ಸಮುದ್ರಕ್ಕೆ ಬಿಟ್ಟ ಸೀಸಿಯಂ ಮತ್ತು ಪ್ಲುಟೋನಿಯಂ ಈಗ ಅಲ್ಲಿನ ತಳದ ಕೆಸರಿನಿಂದಲೇ ನೀರಿಗೆ ಮರಳುತ್ತಿವೆ ಎಂದು ಓದಿದೆ. ಅದೇ ಕೆಸರು ಒಂದು ಕಡೆ ಕಾವಲುಗಾರ, ಇನ್ನೊಂದು ಕಡೆ ಕಳ್ಳನೇ? ಸಭೆಯಲ್ಲಿ ಯಾರಾದರೂ ಹೀಗೆ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ಮಾತು. ಮೊನ್ನೆ ಟ್ರಾಂಬೆಯ ಜೆಟ್ಟಿಯ ಕಡೆ ಹೋಗಿದ್ದಾಗ ನೀರಿಳಿತದ ಹೊತ್ತು. ಥಾಣೆ ಖಾರಿಯ (ಕಡಲ ನೀರು ಒಳನುಗ್ಗುವ ತೋಡಿನ) ಕೆಸರು ಕಣ್ಣು ಹಾಯುವವರೆಗೆ ಹರಡಿತ್ತು. ಕೊಡೆಯ ತುದಿಯನ್ನು ಚುಚ್ಚಿ ಎತ್ತಿದೆ. ಮೇಲೆ ಬೆರಳಿನಷ್ಟು ದಪ್ಪದ ಕಂದು ಪದರ, ಕೆಳಗೆಲ್ಲ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಮಡ್ಡಿ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಿಂದ ಸಂಸ್ಕರಿಸಿದ ಕಡಿಮೆ ಮಟ್ಟದ ದ್ರವತ್ಯಾಜ್ಯವನ್ನು ಮಿತಿಗೊಳಪಡಿಸಿ ಈ ಖಾರಿ ಸೇರುವ ಮುಂಬಯಿ ಕೊಲ್ಲಿಗೆ ಬಿಡಲಾಗುತ್ತದೆ ಎಂಬುದು ಪ್ರಕಟವಾಗಿರುವ ವಿಷಯವೇ. ಈ ಕಪ್ಪು ಮಡ್ಡಿಯನ್ನು ನಾನು ಯಾವ ಸಾಲಿಗೆ ಸೇರಿಸಲಿ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಸಭಿಕರಲ್ಲಿ ಅರ್ಧಕ್ಕರ್ಧ ಬ್ಯಾಂಕಿನವರು. ಲೆಕ್ಕ ಹಾಕಿ ತೋರಿಸಿದರೆ ಬೇಗ ಒಪ್ಪುತ್ತಾರೆ.

ಉತ್ತರ 1: ದೋನಾ ಪಾವ್ಲಾ, ಗೋವಾ

ಮೇಷ್ಟ್ರೇ, ಕೊಡೆಯ ತುದಿಯಲ್ಲಿ ನೀವು ಎತ್ತಿದ ಆ ಎರಡು ಪದರಗಳಲ್ಲೇ ಅರ್ಧ ಉತ್ತರವಿದೆ. ಆದರೆ ಅಲ್ಲಿಗೆ ಆಮೇಲೆ ಬರುತ್ತೇನೆ. ನಾನು ವೃತ್ತಿಯಲ್ಲಿ, ಸಾಗರತಳಕ್ಕೆ ಕೊಳವೆ ಚುಚ್ಚಿ ಎತ್ತಿದ ಗಸಿಯ ಕಂಬಗಳನ್ನು ಸೀಳಿ ಅಳೆಯುತ್ತಿದ್ದವನು, ಆದ್ದರಿಂದ ಆಳ ಸಾಗರದಿಂದಲೇ ಶುರು ಮಾಡುತ್ತೇನೆ.

ಸುಮಾರು ಐದು ಕಿಲೋಮೀಟರಿಗಿಂತ ಆಳದಲ್ಲಿ, ಮೇಲಿನಿಂದ ಉದುರುವ ಸುಣ್ಣದ ಚಿಪ್ಪುಗಳು ತಳ ಮುಟ್ಟುವ ಮೊದಲೇ ಕರಗಿಹೋಗುತ್ತವೆ. ಭೂಖಂಡಗಳಿಂದ ದೂರದ ಅಂಥ ಬಯಲುಗಳಿಗೆ ಬಂದು ಬೀಳುವುದು ಗಾಳಿ ಹೊತ್ತುತಂದ ಅತಿ ನಯವಾದ ಧೂಳು ಮಾತ್ರ. ಅದರಲ್ಲಿನ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಕೆಂಪಾಗುವುದರಿಂದ ಅದಕ್ಕೆ ಕೆಂಜೇಡಿ ಎನ್ನುತ್ತೇವೆ. ನಮ್ಮ ಮಧ್ಯ ಹಿಂದೂ ಮಹಾಸಾಗರದ ತಗ್ಗಿನ ದಕ್ಷಿಣ ಭಾಗದಲ್ಲೂ ಇದೇ ಇದೆ. ಸೀಳಿದ ಕೊಳವೆಯಲ್ಲಿ ಅದು ನೋಡಲು ಚಾಕೊಲೇಟಿನಂತೆ. ಎರಡು ಬೆರಳ ನಡುವೆ ಉಜ್ಜಿದರೆ ಮರಳಿನ ಒಂದು ಕಣವೂ ತಾಗುವುದಿಲ್ಲ, ಬೆಣ್ಣೆಯನ್ನು ಮುಟ್ಟಿದ ಹಾಗೆ. ವಾಸನೆಯೆಂಬುದೇ ಇಲ್ಲ.

ಹವಾಯಿಯ ಉತ್ತರಕ್ಕೆ, ಸುಮಾರು 5,700 ಮೀಟರ್ ಆಳದಿಂದ ಇಂಥ ಕೆಂಜೇಡಿಯ 24 ಮೀಟರ್ ಉದ್ದದ ಒಂದು ಕಂಬವನ್ನು 1970ರ ದಶಕದಲ್ಲಿ ಎತ್ತಿದರು. ಆ 24 ಮೀಟರಿನಲ್ಲಿ ಆರೂವರೆ ಕೋಟಿ ವರ್ಷಗಳಿಗೂ ಮಿಕ್ಕಿದ ದಾಖಲೆಯಿತ್ತು. ಸಾವಿರ ವರ್ಷಕ್ಕೆ ಅರ್ಧ ಮಿಲಿಮೀಟರ್ ಕೂಡ ಬಿದ್ದಿಲ್ಲ ಎಂದಾಯಿತು. ಡೈನೋಸಾರುಗಳು ಅಳಿದ ಕಾಲದ ಉಲ್ಕೆಯ ಗುರುತಾದ ಇರಿಡಿಯಂ ಅದರಲ್ಲಿ ಸುಮಾರು 20 ಮೀಟರ್ ಕೆಳಗೆ ತನ್ನ ಜಾಗದಲ್ಲೇ ಕುಳಿತಿತ್ತು. ಅಷ್ಟು ಕಾಲ ಒಂದು ಲೋಹ ಚದುರಿಹೋಗದೆ ಉಳಿದಿದ್ದರೆ, ನಾವು ಇಡುವ ಲೋಹವೂ ಉಳಿದೀತಲ್ಲವೇ ಎಂಬ ಆಲೋಚನೆ ಸಹಜವಾಗಿಯೇ ಬರುತ್ತದೆ. ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಚಾರ್ಲ್ಸ್ ಹಾಲಿಸ್ಟರ್ ಈ ವಾದವನ್ನು ಮುಂದಿಟ್ಟರು. ಭೂಕಂಪ, ಜ್ವಾಲಾಮುಖಿ, ಮೀನುಗಾರಿಕೆ, ಖನಿಜದ ಆಸೆ ಇವು ಯಾವುವೂ ಇಲ್ಲದ, ಸಾಗರದ ಫಲಕಗಳ ನಡುಮಧ್ಯದ ಜಾಗಗಳನ್ನು ಅವರು ಹುಡುಕಿದರು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 1974ರಿಂದ ಇದಕ್ಕಾಗಿಯೇ ಒಂದು ಕಾರ್ಯಕ್ರಮ ನಡೆಸಿತು. 1986ರಲ್ಲಿ ಹಣ ನಿಂತಿತು, ಮರುವರ್ಷ ಆ ದೇಶ ತ್ಯಾಜ್ಯವನ್ನು ನೆಲದಡಿ ಹುಗಿಯಲು ನೆವಾಡಾದ ಯಕ್ಕಾ ಬೆಟ್ಟವೊಂದನ್ನೇ ನೆಚ್ಚಿಕೊಂಡಿತು. ಆ ಬೆಟ್ಟದ ಕಥೆ ಏನಾಯಿತೆಂಬುದು ಬೇರೆ ವಿಷಯ.

ಈಗ ಜೇಡಿ ಹಿಡಿದುಕೊಳ್ಳುವುದು ಹೇಗೆ ಎಂಬುದು. ಜೇಡಿಯ ಕಣ ತೆಳ್ಳನೆಯ ಹಾಳೆಗಳ ಕಟ್ಟಿನಂತಿರುತ್ತದೆ, ಹಾಳೆಯ ಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ. ಧನ ವಿದ್ಯುದಂಶದ ಸೀಸಿಯಂ ಹತ್ತಿರ ಬಂದರೆ ಅದನ್ನು ಸೆಳೆಯುತ್ತದೆ. ಅದರಲ್ಲೂ ಇಲೈಟ್ ಎಂಬ ಜೇಡಿಯ ಹಾಳೆಗಳ ಅಂಚು ಹಳೆಯ ಪುಸ್ತಕದ ಅಂಚಿನಂತೆ ಬಿರಿದಿದ್ದು, ಆ ಸಂದಿನಲ್ಲಿ ಸಿಕ್ಕಿಕೊಂಡ ಸೀಸಿಯಂ ಸುಲಭಕ್ಕೆ ಹೊರಬರುವುದಿಲ್ಲ. ಪ್ಲುಟೋನಿಯಂ, ಅಮೆರಿಸಿಯಂ ಇವು ಇನ್ನೂ ಗಟ್ಟಿಯಾಗಿ, ಮುಖ್ಯವಾಗಿ ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡುಗಳಿಗೆ, ಅಂಟಿಕೊಳ್ಳುತ್ತವೆ. ಸಮುದ್ರದಲ್ಲಿ ಒಂದು ಲೀಟರ್ ನೀರಿನಲ್ಲಿರುವುದಕ್ಕೆ ಹೋಲಿಸಿ ಒಂದು ಕಿಲೋ ಗಸಿಯಲ್ಲಿ ಎಷ್ಟು ಪಟ್ಟು ಇರುತ್ತದೆ ಎಂದು ಕೇಳಿದರೆ ಸೀಸಿಯಮ್ಮಿಗೆ ಕೆಲವು ಸಾವಿರ, ಪ್ಲುಟೋನಿಯಮ್ಮಿಗೆ ಸುಮಾರು ಒಂದು ಲಕ್ಷ, ಅಮೆರಿಸಿಯಮ್ಮಿಗೆ ಅದಕ್ಕೂ ಹೆಚ್ಚು. ಸ್ಟ್ರಾನ್ಷಿಯಮ್ಮಿಗೆ ಮಾತ್ರ ಹತ್ತರ ಆಸುಪಾಸು. ಉಪ್ಪುನೀರಿನಲ್ಲಿ ಅದರ ಜಾಗಕ್ಕೆ ಪೈಪೋಟಿ ಹೂಡುವವರು ಬಹಳ.

ಇದರ ಇನ್ನೊಂದು ಮುಖವನ್ನು ಸಭೆಯಲ್ಲಿ ಮರೆಯದೆ ಹೇಳಿ. ಅದೇ ತ್ಯಾಜ್ಯದಲ್ಲಿರುವ ಅಯೊಡಿನ್ ಮತ್ತು ಟೆಕ್ನೀಷಿಯಂ ನೀರಿನಲ್ಲಿ ಋಣ ವಿದ್ಯುದಂಶ ಹೊತ್ತೇ ಓಡಾಡುತ್ತವೆ, ಜೇಡಿ ಅವನ್ನು ದೂಡುತ್ತದೆ. ಟೆಕ್ನೀಷಿಯಮ್ಮನ್ನು ಕಟ್ಟಿಹಾಕಬೇಕೆಂದರೆ ಆಮ್ಲಜನಕವಿಲ್ಲದ ಗಸಿ ಬೇಕು, ಅಲ್ಲಿ ಅದು ರೂಪ ಬದಲಿಸಿ ಕಣಗಳಿಗೆ ಅಂಟುತ್ತದೆ. ಕೆಂಜೇಡಿ ಕೆಂಪಾಗಿರುವುದೇ ಆಮ್ಲಜನಕ ಇರುವುದರಿಂದ. ಹಾಗಾಗಿ ಪ್ಲುಟೋನಿಯಮ್ಮಿಗೆ ಅಷ್ಟು ಒಳ್ಳೆಯ ಕಾವಲಾದ ಅದೇ ಜೇಡಿ ಟೆಕ್ನೀಷಿಯಮ್ಮಿಗೆ ಬಾಗಿಲು ತೆರೆದಿಟ್ಟಂತೆ. ವಿಚಿತ್ರವೆಂದರೆ ನಿಮ್ಮ ಖಾರಿಯ ನಾರುವ ಕಪ್ಪು ಮಡ್ಡಿ ಈ ಒಂದು ವಿಷಯದಲ್ಲಿ ಕೆಂಜೇಡಿಗಿಂತ ಮೇಲು.

ಉತ್ತರ 2: ಕೋಥ್ರುಡ್, ಪುಣೆ

ನಾನು ಮಣ್ಣಿನ ಎಂಜಿನಿಯರಿಂಗ್ ಕಡೆಯವನು. ಬ್ಯಾಂಕಿನವರಿಗೆ ಬೇಕಾದ ಲೆಕ್ಕವನ್ನು ನಾನು ಕೊಡುತ್ತೇನೆ, ಒಂದು ಹಾಳೆಯಲ್ಲಿ ಮುಗಿಯುವಂಥದು.

ಆಳದ ಜೇಡಿಯ ರಂಧ್ರಗಳಲ್ಲಿ ನೀರು ಹರಿಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಕರಗಿದ ವಸ್ತು ಅಲ್ಲಿ ಸಾಗುವುದು ವಿಸರಣೆಯಿಂದ ಮಾತ್ರ, ಅಲುಗಾಡದ ಲೋಟದ ನೀರಿನಲ್ಲಿ ಶಾಯಿಯ ಹನಿ ಹರಡುವಂತೆ. ವಿಸರಣೆಯ ನಿಯಮವೆಂದರೆ ದೂರ ಇಮ್ಮಡಿಯಾದರೆ ಕಾಲ ನಾಲ್ಮಡಿ. ಇಂಥ ಜೇಡಿಗೆ ಒಪ್ಪುವ ವಿಸರಣಾಂಕವನ್ನು ಹಾಕಿದರೆ, ಯಾವುದಕ್ಕೂ ಅಂಟದ ವಸ್ತುವೊಂದು ಒಂದು ಸೆಂಟಿಮೀಟರ್ ಸಾಗಲು ಸುಮಾರು ಎರಡು ದಿನ ಸಾಕು. ಹತ್ತು ಸೆಂಟಿಮೀಟರಿಗೆ ನೂರು ಪಟ್ಟು, ಅಂದರೆ ಆರೇಳು ತಿಂಗಳು. ಒಂದು ಮೀಟರಿಗೆ ಐವತ್ತು ವರ್ಷದಷ್ಟು. ತ್ಯಾಜ್ಯವನ್ನು ಹುಗಿಯಬೇಕೆಂದಿದ್ದ ಮೂವತ್ತು ಮೀಟರಿಗೆ ಸುಮಾರು 50,000 ವರ್ಷ. ಇದು ಅಯೊಡಿನ್ನಿನ ಲೆಕ್ಕ. ಅಯೊಡಿನ್-129ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಒಂದೂವರೆ ಕೋಟಿ ವರ್ಷ; ಆದ್ದರಿಂದ ಜೇಡಿ ಅದನ್ನು ತಡೆಯುವುದಿಲ್ಲ, ತಡಮಾಡಿಸುತ್ತದೆ, ಅಷ್ಟೆ. ಹೊರಬಂದದ್ದು ಅಪಾರ ನೀರಿನಲ್ಲಿ ತೆಳುವಾಗುತ್ತದೆ ಎಂಬ ನಂಬಿಕೆಯ ಮೇಲೆ ಯೋಜನೆ ನಿಂತಿತ್ತು.

ಅಂಟುವ ವಸ್ತುವಾದರೆ ಕಾಲವನ್ನು ಮತ್ತೊಂದು ಸಂಖ್ಯೆಯಿಂದ ಗುಣಿಸಬೇಕು. ಸೀಸಿಯಮ್ಮಿಗೆ ಸಾವಿರ ಎಂದಿಟ್ಟುಕೊಳ್ಳೋಣ. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ, 300 ವರ್ಷದಲ್ಲಿ ಅದು ಸಾವಿರದಲ್ಲೊಂದು ಪಾಲಿಗೆ ಇಳಿದಿರುತ್ತದೆ. ಅಷ್ಟು ಕಾಲದಲ್ಲಿ ಅದು ಸಾಗುವ ದೂರ ಏಳೆಂಟು ಸೆಂಟಿಮೀಟರ್, ನಿಮ್ಮ ಅಂಗೈಯ ಅಗಲ! ಪ್ಲುಟೋನಿಯಂ-239ರ ಅರ್ಧಾಯುಷ್ಯ 24,100 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೂ ಅದು ಇಟ್ಟ ಜಾಗದಿಂದ ಒಂದು ಅಡಿಯ ಆಚೀಚೆ ಇರುತ್ತದೆ. ಇವು ಅಂದಾಜುಗಳು, ಆದರೂ ಎರಡು ಪಟ್ಟು ತಪ್ಪಿದರೂ ಸಾರಾಂಶ ಬದಲಾಗದು.

ಇಷ್ಟು ಹೇಳಿದ ಮೇಲೆ ಎಂಜಿನಿಯರನ ತಕರಾರನ್ನೂ ಹೇಳಬೇಕು. ಲೆಕ್ಕದಲ್ಲಿರುವುದು ಕದಡದ ಜೇಡಿ. ತ್ಯಾಜ್ಯವನ್ನು ಅದರೊಳಗೆ ಇಳಿಸುವ ಕೆಲಸವೇ ಜೇಡಿಯನ್ನು ಕದಡುತ್ತದೆ. ಈಟಿಯ ಆಕಾರದ ಭಾರವಾದ ಪಾತ್ರೆಗಳನ್ನು ಹಡಗಿನಿಂದ ಬಿಟ್ಟು, ಅವು ತಮ್ಮ ವೇಗದಿಂದಲೇ ತಳದೊಳಕ್ಕೆ ಹೂತುಹೋಗುವ ಪ್ರಯೋಗಗಳನ್ನು ಅಟ್ಲಾಂಟಿಕ್‌ನಲ್ಲಿ ನಡೆಸಿದರು, ಅವು 30 ಮೀಟರಿನಷ್ಟು ಇಳಿದವು. ಈಟಿ ಹೋದ ದಾರಿಯ ತೂತು ಹಿಂದಿನಿಂದ ಪೂರ್ತಿ ಮುಚ್ಚಿಕೊಂಡಿತೇ ಎಂಬುದು ಇಡೀ ಯೋಜನೆಯ ಜೀವಾಳದ ಪ್ರಶ್ನೆ. ಮುಚ್ಚಿಕೊಳ್ಳುತ್ತದೆ ಎನ್ನುವುದಕ್ಕೆ ಪುರಾವೆಗಳಿದ್ದವು. ಆದರೆ ಮುಚ್ಚಿದ ಜೇಡಿ ಮೊದಲಿನ ಜೇಡಿಯಷ್ಟೇ ಬಿಗಿಯೇ ಎಂಬುದನ್ನು ಸಾವಿರ ವರ್ಷದ ಮಟ್ಟಿಗೆ ಹೇಳಲು ನನಗಂತೂ ಧೈರ್ಯ ಸಾಲದು. ಇನ್ನು ಶಾಖ: ಹೊಸ ತ್ಯಾಜ್ಯ ಬಿಸಿಯಾಗಿರುತ್ತದೆ, ಆ ಆಳದ ಒತ್ತಡದಲ್ಲಿ ನೀರು 200 ಡಿಗ್ರಿಯಲ್ಲೂ ಕುದಿಯುವುದಿಲ್ಲ ನಿಜ, ಆದರೆ ಬಿಸಿಯಾದ ಉಪ್ಪುನೀರು ಜೇಡಿಯೊಡನೆ ವರ್ತಿಸಿ ಆಮ್ಲೀಯವಾಗುತ್ತದೆ, ಲೋಹದ ಪಾತ್ರೆಗೆ ಅದು ಒಳ್ಳೆಯದಲ್ಲ.

ನೆಲದ ಮೇಲಿನ ಯೋಜನೆಗಳನ್ನೂ ಒಮ್ಮೆ ನೋಡಿ. ಫ್ರಾನ್ಸಿನ ಬ್ಯೂರ್‌ನಲ್ಲಿ ತ್ಯಾಜ್ಯಕ್ಕಾಗಿ ಪರೀಕ್ಷಿಸುತ್ತಿರುವ ಜೇಡಿಶಿಲೆ ಸುಮಾರು 16 ಕೋಟಿ ವರ್ಷ ಹಿಂದಿನ ಕಡಲ ಕೆಸರು. ಸ್ವಿಟ್ಜರ್‌ಲೆಂಡಿನ ಒಪಲಿನಸ್ ಜೇಡಿ, ಬೆಲ್ಜಿಯಮ್ಮಿನ ಬೂಮ್ ಜೇಡಿ ಇವೂ ಹಾಗೆಯೇ. ಕಡಲ ಗಸಿಯ ಗುಣ ಎಲ್ಲರಿಗೂ ಬೇಕು, ಮೇಲಿನ ಕಡಲು ಮಾತ್ರ ಬೇಡ. ಗಸಿ ಒತ್ತಿ ಗಟ್ಟಿಯಾಗಿ ನೆಲಕ್ಕೆ ಬಂದ ಮೇಲೆ ಸುರಂಗ ತೋಡಬಹುದು, ತಪ್ಪಾದರೆ ತ್ಯಾಜ್ಯವನ್ನು ಹಿಂದಕ್ಕೆ ತೆಗೆಯಬಹುದು.

ಪ್ರಶ್ನೆ ಕೇಳಿದವರು: ಚೆಂಬೂರು

ಇಬ್ಬರಿಗೂ ಉಪಕಾರ. ಅಂಗೈ ಅಗಲದ ಲೆಕ್ಕವನ್ನು ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆ, ಸರಿಹೋಯಿತು. ಆದರೆ ಹಾಗಾದರೆ ಐರಿಷ್ ಸಮುದ್ರದ ಸೀಸಿಯಂ ಏಕೆ ಹಿಂದಕ್ಕೆ ಬರುತ್ತಿದೆ? ಅಲ್ಲಿಯದೂ ಜೇಡಿ, ಅಲ್ಲಿಯದೂ ಅದೇ ಸೀಸಿಯಂ. ಅಂಗೈ ಅಗಲದಷ್ಟು ಮಾತ್ರ ಸಾಗುವ ವಸ್ತು ನೀರಿಗೆ ಸೇರುವುದು ಹೇಗೆ?

ಉತ್ತರ 3: ವಾಸ್ಕೋ, ಗೋವಾ

ಅದಕ್ಕೆ ಉತ್ತರವನ್ನು ದೋನಾ ಪಾವ್ಲಾದವರೇ ಹೇಳಲಿ. ನಾನು ಬೇರೊಂದು ಎಳೆಯನ್ನು ಸೇರಿಸುತ್ತೇನೆ. ನಮ್ಮ ಮನೆತನ ಅಂಕೋಲೆಯ ಕಡೆಯದು, ಮೀನುಗಾರರು. ಕೈಗಾದ ಸ್ಥಾವರ ನಮ್ಮ ಕಾಳಿ ನದಿಯ ಮೇಲಿದೆ. ಆದ್ದರಿಂದ ಈ ಮಾತು ನನಗೆ ಪುಸ್ತಕದ ಮಾತಲ್ಲ.

ಗಸಿಯೊಳಗೆ ಹುಗಿಯುವುದನ್ನೂ, ತಳದ ಮೇಲೆ ಎಸೆಯುವುದನ್ನೂ ಜನ ಒಂದೇ ಎಂದು ತಿಳಿಯುತ್ತಾರೆ. ಸಭೆಯಲ್ಲಿ ಇದನ್ನು ಮೊದಲೇ ಬಿಡಿಸಿ ಹೇಳಿ. 1946ರಿಂದ 1993ರವರೆಗೆ 13 ದೇಶಗಳು ವಿಕಿರಣಶೀಲ ತ್ಯಾಜ್ಯವನ್ನು ಸಮುದ್ರಕ್ಕೆ ಎಸೆದವು. ಈಶಾನ್ಯ ಅಟ್ಲಾಂಟಿಕ್‌ನಲ್ಲಿಯೇ 2 ಲಕ್ಷಕ್ಕೂ ಹೆಚ್ಚು ಪೀಪಾಯಿಗಳು ಬಿದ್ದಿವೆ. 2025ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅಲ್ಲಿಗೆ ಹೋಗಿ 3,000ಕ್ಕೂ ಹೆಚ್ಚು ಪೀಪಾಯಿಗಳ ಜಾಗ ಗುರುತಿಸಿದರು. ಅವು ಗಸಿಯ ಮೇಲೆ ಕೂತಿವೆ, ಒಳಗಲ್ಲ. ಅಲ್ಲಿ ಗಸಿಯನ್ನು ಯಾರೂ ತಡೆಯೆಂದು ಎಣಿಸಿರಲಿಲ್ಲ. ಸೋರಿದ್ದು ನೀರಿನಲ್ಲಿ ಚೆದುರಿ ತೆಳುವಾಗುತ್ತದೆ ಎಂಬುದೇ ಅಂದಿನ ಎಣಿಕೆ.

1972ರ ಲಂಡನ್ ಒಪ್ಪಂದ ತೀವ್ರ ವಿಕಿರಣದ ತ್ಯಾಜ್ಯವನ್ನು ಎಸೆಯುವುದನ್ನು ಮೊದಲೇ ನಿಷೇಧಿಸಿತ್ತು. 1993ರಲ್ಲಿ ಕಡಿಮೆ ಮಟ್ಟದ್ದಕ್ಕೂ ನಿಷೇಧ ಬಂತು. ಹುಗಿಯುವುದು ಎಸೆಯುವುದಲ್ಲವಲ್ಲ ಎಂಬ ವಾದಕ್ಕೆ ಆಗ ಇನ್ನೂ ಜಾಗವಿತ್ತು. ತಳದೊಳಗೆ ಇಡುವುದೂ ಎಸೆಯುವುದೇ ಎಂದು ಅದೇ ಒಪ್ಪಂದದ 1996ರ ಪ್ರೊಟೊಕಾಲ್ (ಪರಿಷ್ಕೃತ ಕರಾರು) ವ್ಯಾಖ್ಯೆಯಲ್ಲೇ ಬರೆದು ಆ ಬಾಗಿಲನ್ನೂ ಮುಚ್ಚಿತು, ಅದು 2006ರಲ್ಲಿ ಜಾರಿಗೆ ಬಂತು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ. ಪುಣೆಯವರ ಲೆಕ್ಕ ತಪ್ಪೆಂದಲ್ಲ. ಲೆಕ್ಕ ಈಟಿಯಿಂದ ಶುರುವಾಗುತ್ತದೆ, ಆದರೆ ಈಟಿಯನ್ನು ಹೊತ್ತ ಹಡಗು ಬಂದರಿನಿಂದ ಹೊರಡಬೇಕು. ಮಳೆಗಾಲದಲ್ಲಿ ಮುರಗಾಂವ್ ಬಂದರಿನ ಬಾಯಲ್ಲಿ ನಿಂತು ನೋಡಿದವರಿಗೆ ಹಡಗು ಎಂಥ ಸ್ಥಿತಿಯಲ್ಲಿ ಬಂದು ಹೋಗುತ್ತದೆಂದು ಗೊತ್ತು. ತ್ಯಾಜ್ಯ ಬೇಡದ ಜಾಗದಲ್ಲಿ ಮುಳುಗಿದರೆ ಅದಕ್ಕೆ ಯಾವ ಜೇಡಿಯ ರಕ್ಷಣೆಯೂ ಇಲ್ಲ. ಶಾಂತ ಸಾಗರದ ದ್ವೀಪದ ಜನರ ವಿರೋಧಕ್ಕೆ ಮಣಿದು ಜಪಾನ್ 1980ರ ದಶಕದಲ್ಲಿ ತನ್ನ ಎಸೆಯುವ ಯೋಜನೆಯನ್ನು ಕೈಬಿಟ್ಟಿತು. ಆ ದ್ವೀಪದವರ ಮಾತಿನಲ್ಲಿ ನನಗೆ ನಮ್ಮ ಊರಿನವರ ದನಿ ಕೇಳುತ್ತದೆ.

ಉತ್ತರ 4: ದೋನಾ ಪಾವ್ಲಾ, ಗೋವಾ

ವಾಸ್ಕೋದವರು ಹಡಗಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಹಾಲಿಸ್ಟರ್ ಕೂಡ ಸಾಗಣೆಯ ಅಪಾಯವನ್ನು ಅಲ್ಲಗಳೆದಿರಲಿಲ್ಲ. ಈಗ ಮೇಷ್ಟ್ರ ಪ್ರಶ್ನೆ.

ಪುಣೆಯವರ ಲೆಕ್ಕದಲ್ಲಿ ಜೇಡಿ ಅಲುಗಾಡುವುದಿಲ್ಲ. ಐರಿಷ್ ಸಮುದ್ರದಲ್ಲಿ ಸೀಸಿಯಂ ಜೇಡಿಯ ಮೂಲಕ ಸಾಗುತ್ತಿಲ್ಲ. ಜೇಡಿಯೇ ಸೀಸಿಯಮ್ಮನ್ನು ಹೊತ್ತು ಸಾಗುತ್ತಿದೆ. ಸೆಲ್ಲಾಫೀಲ್ಡ್ 1952ರಿಂದ ಕಡಲಿಗೆ ಬಿಡುತ್ತಾ ಬಂದು, 1970ರ ದಶಕದ ನಡುಭಾಗದಲ್ಲಿ ಆ ಪ್ರಮಾಣ ಶಿಖರ ಮುಟ್ಟಿತು. ಕರಾವಳಿಯಿಂದ ಸ್ವಲ್ಪ ದೂರದಲ್ಲಿರುವ ಕೆಸರಿನ ಪಟ್ಟಿ ಪ್ಲುಟೋನಿಯಮ್ಮಿನ ಬಹುಪಾಲನ್ನು ಹಿಡಿದುಕೊಂಡಿತು. ಆ ಅರ್ಥದಲ್ಲಿ ತಡೆ ಕೆಲಸ ಮಾಡಿತು. ಆದರೆ ಹಿಡಿದದ್ದು ಮೇಲಿನ ಕೆಲವು ಗೇಣಿನೊಳಗೆ. ಅಲ್ಲಿ ಅಲೆಯಿದೆ, ಬಿರುಗಾಳಿಯಿದೆ, ಮೀನುಬಲೆ ತಳವನ್ನು ಕೆರೆಯುತ್ತದೆ. ಮ್ಯಾಕ್ಸ್‌ಮುಲ್ಲೇರಿಯಾ ಎಂಬ ಚಮಚಬಾಯಿಯ ಹುಳು ಮತ್ತು ಬಿಲ ತೋಡುವ ಸಿಗಡಿಗಳು ಮೇಲಿನ ಕೆಸರನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸುತ್ತಲೇ ಇರುತ್ತವೆ. ಮೇಲೆದ್ದ ಕಣ ಶುದ್ಧ ನೀರನ್ನು ಕಂಡಾಗ ಅಂಟು ಕೊಂಚ ಸಡಿಲವಾಗುತ್ತದೆ: ನೀರಿನಲ್ಲಿ ಸೀಸಿಯಂ ಹೆಚ್ಚಿದ್ದಾಗ ಕೆಸರು ಹೀರುತ್ತದೆ, ಕಡಿಮೆಯಾದಾಗ ಕೊಡುತ್ತದೆ. 1980ರ ದಶಕದಲ್ಲಿ ಸ್ಥಾವರ ಬಿಡುಗಡೆಯನ್ನು ಬಹಳ ತಗ್ಗಿಸಿತಲ್ಲ, ಆ ಮೇಲೆ ಕೆಸರು ಸಾಲ ತೀರಿಸಲು ಶುರು ಮಾಡಿತು. ಬ್ಯಾಂಕಿನವರಿಗೆ ಇದು ಬೇಗ ಹತ್ತುತ್ತದೆ.

ಆಳದ ಕೆಂಜೇಡಿಯಲ್ಲೂ ಮೇಲಿನ ಸುಮಾರು ಹತ್ತು ಸೆಂಟಿಮೀಟರ್ ಹುಳಹುಪ್ಪಟೆಗಳ ಕೈಯಲ್ಲಿದೆ. ಅದಕ್ಕಾಗಿಯೇ 30 ಮೀಟರ್ ಕೆಳಗೆ ಎಂದದ್ದು. ನಮ್ಮ ಪಶ್ಚಿಮ ತೀರದಾಚೆ ಆ ಬಗೆಯ ಜಾಗವನ್ನು ಹುಡುಕಹೊರಟರೆ ಸಿಂಧೂ ನದಿ ತಂದು ಸುರಿದ ಬೀಸಣಿಗೆಯಾಕಾರದ ರಾಶಿ ಎದುರಾಗುತ್ತದೆ. ಅದು ಕೆಸರಿನ ಪ್ರವಾಹಗಳು ಹಾಸಿದ ಮರಳು ಮತ್ತು ಹೂಳಿನ ಪದರಗಳ ರಾಶಿ, ಶಾಂತ ಜೇಡಿಯಲ್ಲ. ಮಧ್ಯ ಹಿಂದೂ ಮಹಾಸಾಗರದ ತಳದ ಮೇಲೆ ಲೋಹದ ಗಂಟುಗಳು ಹರಡಿರುವ ನಮ್ಮ ಪ್ರದೇಶದಲ್ಲಿ 1997ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ತಳವನ್ನು ಬೇಕೆಂದೇ ಕದಡಿ, ಅದು ಹೇಗೆ ಚೇತರಿಸಿಕೊಳ್ಳುತ್ತದೆಂದು ವರ್ಷಗಟ್ಟಲೆ ನೋಡಿತು. ಆ ಪ್ರಯೋಗದ ಉದ್ದೇಶ ಗಣಿಗಾರಿಕೆಯ ಪರಿಣಾಮವೇ ಹೊರತು ತ್ಯಾಜ್ಯವಲ್ಲ, ಆದರೂ ಕದಡಿದ ತಳ ಅವಸರದಲ್ಲಿ ಮೊದಲಿನಂತಾಗುವುದಿಲ್ಲ ಎಂಬುದನ್ನು ಅಲ್ಲಿ ಕಾಣಬಹುದು.

ಇನ್ನು ನಿಮ್ಮ ಕೊಡೆಯ ತುದಿಯ ಕೆಸರು. ಕಂದು ಪದರಕ್ಕೆ ಆಮ್ಲಜನಕ ತಲುಪುತ್ತದೆ, ಕಪ್ಪಿಗೆ ತಲುಪುವುದಿಲ್ಲ. ಕಪ್ಪಿನಲ್ಲಿ ಕಬ್ಬಿಣದ ಆಕ್ಸೈಡು ಕರಗುವುದರಿಂದ ಅದಕ್ಕೆ ಅಂಟಿದ್ದು ಬಿಡುಗಡೆಯಾಗಬಹುದು, ಜೇಡಿಗೆ ಅಂಟಿದ್ದು ಉಳಿಯಬಹುದು; ದಿನಕ್ಕೆ ಎರಡು ಉಬ್ಬರ, ಜೂನ್ ಆದಮೇಲೆ ಮೇಲಿನಿಂದ ಮಳೆನೀರು, ಬಂದರಿನ ಕಾಲುವೆಗಳಲ್ಲಿ ಹೂಳೆತ್ತುವ ಯಂತ್ರ, ಇಷ್ಟರ ನಡುವೆ ಅದನ್ನು ಗೋಡೆ ಎನ್ನಲಾರೆ. ಮುಂಬಯಿ ಕೊಲ್ಲಿಯ ಗಸಿ ಸೀಸಿಯಮ್ಮನ್ನು ಹಿಡಿದಿಡುತ್ತದೆ ಎಂಬುದನ್ನು ಟ್ರಾಂಬೆಯ ವಿಜ್ಞಾನಿಗಳೇ ಅಳೆದು ಪ್ರಕಟಿಸಿದ್ದಾರೆ. ಹಿಡಿದದ್ದು ಎಷ್ಟು ಅಲುಗಾಡುತ್ತಿದೆ ಎಂದು ತಿಳಿಯಲು ಒಂದು ಸರಳ ದಾರಿಯಿದೆ. ವಾತಾವರಣದಲ್ಲಿ ನಡೆದ ಬಾಂಬ್ ಪರೀಕ್ಷೆಗಳ ಸೀಸಿಯಂ ಜಗತ್ತಿನ ತುಂಬ ಉದುರಿ, 1963ರಲ್ಲಿ ಅದು ತುತ್ತತುದಿ ಮುಟ್ಟಿತು. ಕದಡದ ಗಸಿಯಲ್ಲಿ ಆ ವರ್ಷ ಚೂಪಾದ ಶಿಖರವಾಗಿ ನಿಲ್ಲುತ್ತದೆ, ಗಸಿಯಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಸೀಸ-210ರಿಂದ ಪದರಗಳ ವಯಸ್ಸನ್ನು ಬೇರೆಯಾಗಿ ಎಣಿಸಿ ತಾಳೆ ನೋಡಬಹುದು. ಟ್ರಾಂಬೆಯ ಪಕ್ಕದ ಕೆಸರಿನಲ್ಲಿ ಸ್ಥಾವರದ ಸ್ವಂತ ಸೀಸಿಯಂ ಬೆರೆತು ಈ ಗುರುತು ಗೊಂದಲವಾಗುತ್ತದೆ, ಆದ್ದರಿಂದ ಕಂಬವನ್ನು ಖಾರಿಯ ಮೇಲ್ಭಾಗದಲ್ಲಿ, ಥಾಣೆಯ ಕಡೆ, ಕಾಂಡ್ಲಾಗಿಡಗಳ ಅಂಚಿನಲ್ಲಿ ತೆಗೆಯುವುದು ಮೇಲು. ಶಿಖರ ಚೂಪಾಗಿದ್ದರೆ ಕೆಸರು ಇದ್ದಲ್ಲೇ ಇದೆ. ಹರಡಿ ದಿಬ್ಬದಂತಾಗಿದ್ದರೆ ಏಡಿ, ಹುಳ ಮತ್ತು ಉಬ್ಬರ ತಮ್ಮ ಕೆಲಸ ಮಾಡಿವೆ.